ಒಂದು ದಿರ್ಹಂ ಮನೆಗೆ, ಒಂದು ದಿರ್ಹಂ ಕೊಡಲಿಗೆ

ಮಡಿಕೇರಿಯಲ್ಲಿ ಶುಕ್ರವಾರವೇ ಸಂತೆ. ತರಕಾರಿ ಹರಡಿಕೊಂಡವರಿಗೂ ಬಟ್ಟೆ, ಒಣಮೀನು ಮಾರುವವರಿಗೂ ವಾರದ ದೊಡ್ಡ ವ್ಯಾಪಾರ ಅಂದೇ. ಸಂತೆ ತುಂಬಿರುವ ಹೊತ್ತಿನಲ್ಲೇ ಜುಮಾದ ಬಾಂಗ್ ಕೇಳಿಸುತ್ತದೆ. ಬಾಂಗ್ ಕೇಳಿದಾಗ ವ್ಯಾಪಾರವನ್ನು ಬಿಟ್ಟು ಬರಬೇಕು, ನಮಾಝ್ ಮುಗಿದ ಮೇಲೆ ಮತ್ತೆ ಹೊರಟು ಅಲ್ಲಾಹನ ಅನುಗ್ರಹವನ್ನು ಅರಸಬೇಕು ಎಂದು ಸೂರಃ ಅಲ್‌ಜುಮುಅ ನಮಗೆ ಕಲಿಸುತ್ತದೆ. ಅಂದರೆ ನಮ್ಮ ದೀನ್‌ನಲ್ಲಿ ಮಸೀದಿ ಮತ್ತು ಮಾರುಕಟ್ಟೆ ಒಂದಕ್ಕೊಂದು ಶತ್ರುಗಳಲ್ಲ.

ಹಲಾಲ್ ಸಂಪಾದನೆಯ ಕುರಿತ ಖುತ್ಬಾ ನಡೆದ ದಿನಗಳಲ್ಲಿ ನಮಾಝಿನ ನಂತರ ಮಸೀದಿಯ ಅಂಗಳದಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ದೊಡ್ಡ ಕಂಪೆನಿಯಲ್ಲಿ ಕೆಲಸದಲ್ಲಿರುವ ಯುವಕ ವಾರದ ರಜೆಗೆ ಊರಿಗೆ ಬಂದಿರುತ್ತಾನೆ. "ಉಸ್ತಾದ್, ಕೆಲಸ ಬಿಟ್ಟು ಊರಲ್ಲೇ ಏನಾದರೂ ಶುರು ಮಾಡಬೇಕು ಅಂತಿದ್ದೇನೆ, ದುಆ ಮಾಡಿ" ಎನ್ನುತ್ತಾನೆ. ಗಲ್ಫ್‌ನಿಂದ ಮರಳಿದವರೂ ಇದನ್ನೇ ಕೇಳುತ್ತಾರೆ. "ದುಆ ಮಾಡೋಣ ಮೋನೇ, ಅದರ ಜೊತೆ ಲೆಕ್ಕವನ್ನೂ ಮಾಡೋಣ" ಎಂಬುದೇ ಅವರಿಗೆ ನಾವು ಕೊಡಬಹುದಾದ ಉತ್ತರ. ಆ ಲೆಕ್ಕವನ್ನು ಹೇಗೆ ಮಾಡಬೇಕೆಂದು ಈ ತಿಂಗಳು ಸ್ವಲ್ಪ ವಿವರವಾಗಿ ನೋಡೋಣ.

ಎರಡು ದಿರ್ಹಂಗಳ ಪಾಠ

ಅಬೂದಾವೂದ್‌ನಲ್ಲಿ ಒಂದು ಘಟನೆ ಬಂದಿದೆ. ಅನ್ಸಾರಿಗಳಲ್ಲಿ ಒಬ್ಬರು ಪ್ರವಾದಿ(ಸ)ರ ಬಳಿ ಸಹಾಯ ಯಾಚಿಸಿ ಬಂದರು. ಮನೆಯಲ್ಲಿ ಏನಿದೆ ಎಂದು ಪ್ರವಾದಿ(ಸ) ವಿಚಾರಿಸಿದರು. ಹೊದೆಯಲು ಮತ್ತು ಹಾಸಲು ಬಳಸುವ ಒಂದು ಒರಟು ಬಟ್ಟೆ, ನೀರು ಕುಡಿಯುವ ಒಂದು ಪಾತ್ರೆ, ಇಷ್ಟೇ ಇತ್ತು. ಅವೆರಡನ್ನೂ ತರಿಸಿ ಪ್ರವಾದಿ(ಸ) ಸ್ವತಃ ಹರಾಜು ಕೂಗಿದರು. ಒಬ್ಬರು ಒಂದು ದಿರ್ಹಂ ಎಂದರು, ಮತ್ತೊಬ್ಬರು ಎರಡು ದಿರ್ಹಂ ಕೊಟ್ಟು ಕೊಂಡರು. ಒಂದು ದಿರ್ಹಮಿನಿಂದ ಮನೆಯವರಿಗೆ ಆಹಾರ ಕೊಳ್ಳಲು, ಇನ್ನೊಂದರಿಂದ ಕೊಡಲಿ ತರಲು ಪ್ರವಾದಿ(ಸ) ಹೇಳಿದರು. ಕೊಡಲಿಗೆ ತಮ್ಮ ಕೈಯಿಂದಲೇ ಹಿಡಿ ಹಾಕಿಕೊಟ್ಟು, ಕಟ್ಟಿಗೆ ಕಡಿದು ಮಾರಲು ಕಳುಹಿಸಿ, 15 ದಿನ ಕಳೆದು ಬರಲು ಸೂಚಿಸಿದರು. ಆ ಸಹಾಬಿ ಮರಳಿದಾಗ ಅವರ ಕೈಯಲ್ಲಿ ಹತ್ತು ದಿರ್ಹಂ ಇತ್ತು.

ಭಿಕ್ಷೆಗಿಂತ ದುಡಿಮೆ ಮೇಲು ಎಂಬ ಪಾಠವನ್ನು ಈ ಘಟನೆಯಿಂದ ನಾವು ಎಷ್ಟೋ ಖುತ್ಬಾಗಳಲ್ಲಿ ಕೇಳಿದ್ದೇವೆ. ಸ್ವಂತ ವ್ಯಾಪಾರಕ್ಕೆ ಇಳಿಯುವವನಿಗೆ ಇದರಲ್ಲಿ ಇನ್ನೂ ನಾಲ್ಕು ಪಾಠಗಳಿವೆ. ಬಂಡವಾಳ ಸಾಲದಿಂದ ಬರಲಿಲ್ಲ, ಸ್ವಂತ ಮನೆಯಿಂದ ಬಂತು. ಮನೆಯವರ ಊಟದ ಹಣವನ್ನು ಮೊದಲು ಬೇರೆ ಇಡಲಾಯಿತು. ಆರಂಭಿಸಿದ ಕೆಲಸ ಅವನ ಕೈಗೆ ಎಟುಕುವಷ್ಟು ಚಿಕ್ಕದಾಗಿತ್ತು. ಮತ್ತು ಲೆಕ್ಕ ನೋಡಲು ಒಂದು ಅವಧಿ ನಿಗದಿಯಾಗಿತ್ತು. ನಮ್ಮ ಊರುಗಳಲ್ಲಿ ಮುಚ್ಚಿಹೋದ ಅಂಗಡಿಗಳನ್ನು ನೋಡಿದರೆ ಈ ನಾಲ್ಕರಲ್ಲಿ ಯಾವುದೋ ಒಂದು ತಪ್ಪಿರುತ್ತದೆ. ಹೆಚ್ಚಾಗಿ ತಪ್ಪುವುದು ಎರಡನೆಯದು. ಎರಡೂ ದಿರ್ಹಂ ಕೊಡಲಿಗೇ ಹೋಗಿರುತ್ತವೆ.

ನೆರೆಯ ವಯನಾಡಿನ ಒಂದು ಉದಾಹರಣೆ

ಕುಟ್ಟ ದಾಟಿದರೆ ವಯನಾಡು. ಅಲ್ಲಿನ ಚೆನ್ನಲೋಡು ಎಂಬ ಹಳ್ಳಿಯ ಕೂಲಿಕಾರರ ಮಗ ಪಿ.ಸಿ. ಮುಸ್ತಫಾ ಅವರ ಕಥೆ ಹಲವರಿಗೆ ಗೊತ್ತಿದೆ. ಆರನೇ ತರಗತಿಯಲ್ಲಿ ಅನುತ್ತೀರ್ಣರಾದ ಅವರು ಮುಂದೆ ಇಂಜಿನಿಯರ್ ಆಗಿ ಮೋಟೊರೋಲ ಮತ್ತು ಸಿಟಿಬ್ಯಾಂಕ್‌ನಲ್ಲಿ ಕೆಲಸ ಮಾಡಿದರು. 2005ರಲ್ಲಿ ಬೆಂಗಳೂರಿನ ತಿಪ್ಪಸಂದ್ರದಲ್ಲಿ ಸೋದರಸಂಬಂಧಿಗಳೊಂದಿಗೆ ಸೇರಿ ಇಡ್ಲಿ–ದೋಸೆ ಹಿಟ್ಟಿನ ವ್ಯಾಪಾರ ಆರಂಭಿಸಿದರು. ಅದೇ ಇಂದಿನ ಐಡಿ ಫ್ರೆಶ್ ಫುಡ್.

ಈ ಕಥೆಯನ್ನು ಹೇಳುವಾಗ ಎಲ್ಲರೂ ಕೊನೆಯ ಕೋಟಿಗಳ ಮಾತಾಡುತ್ತಾರೆ. ನಾವು ಗಮನಿಸಬೇಕಾದದ್ದು ಆರಂಭವನ್ನು. ಬಂಡವಾಳ 50,000 ರೂಪಾಯಿ, ಜಾಗ 50 ಚದರ ಅಡಿ. ಮುಸ್ತಫಾ ಆಗ ಬೆಂಗಳೂರಿನ ಐಐಎಂನಲ್ಲಿ ಓದುತ್ತಿದ್ದರು. ದಿನನಿತ್ಯದ ಕೆಲಸ ನೋಡಿಕೊಂಡವರು ಅದಾಗಲೇ ಕಿರಾಣಿ ಅಂಗಡಿ ನಡೆಸಿ ಅನುಭವವಿದ್ದ ಸೋದರಸಂಬಂಧಿಗಳು. ಆರು ತಿಂಗಳಲ್ಲಿ ದಿನಕ್ಕೆ 100 ಪ್ಯಾಕೆಟ್ ಮಾರಾಟವಾದರೆ ಮಾತ್ರ ಇನ್ನಷ್ಟು ಹಣ ಹಾಕುವುದು ಎಂಬ ಗುರಿ ಇಟ್ಟುಕೊಂಡಿದ್ದರು. ಆ 100 ಪ್ಯಾಕೆಟ್ ತಲುಪಲು ಒಂಬತ್ತು ತಿಂಗಳು ಬೇಕಾಯಿತು. ಓದು ಮುಗಿದ ಮೇಲಷ್ಟೇ ಅವರು ಪೂರ್ಣಾವಧಿಗೆ ವ್ಯಾಪಾರಕ್ಕೆ ಬಂದರು. ದೊಡ್ಡ ಹೂಡಿಕೆ ಸಂಸ್ಥೆ ಹಣ ಹಾಕಿದ್ದು 2014ರಲ್ಲಿ, ಆರಂಭವಾಗಿ ಒಂಬತ್ತು ವರ್ಷಗಳಾದ ಮೇಲೆ. ಅದೂ ಸಾಲವಾಗಿ ಅಲ್ಲ, ಪಾಲಾಗಿ.

ಚಿಕ್ಕ ಆರಂಭ, ನಿಗದಿತ ಅವಧಿ, ಕೆಲಸ ಬಲ್ಲವರ ಕೈ. ಕೊಡಲಿಯ ಪಾಠವೇ ಇಲ್ಲೂ ಇದೆ. ಮದೀನಾಕ್ಕೆ ಹಿಜ್ರಾ ಬಂದ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅವರೂ ಹೀಗೆಯೇ ಮಾಡಿದ್ದರು. ಅನ್ಸಾರಿ ಸಹೋದರ ತನ್ನ ಸಂಪತ್ತಿನ ಅರ್ಧವನ್ನು ಕೊಡಲು ಮುಂದಾದಾಗ ಅದನ್ನು ಸ್ವೀಕರಿಸದೆ ಮಾರುಕಟ್ಟೆಯ ದಾರಿ ಕೇಳಿದರು. ತುಪ್ಪ ಮತ್ತು ಒಣಗಿಸಿದ ಮೊಸರಿನ ಗಟ್ಟಿಯ ವ್ಯಾಪಾರದಿಂದ ಆರಂಭಿಸಿದರು.

ರಾಜೀನಾಮೆಗೆ ಮುನ್ನ

ನೌಕರಿ ಮಾಡುವುದು ಕೀಳಲ್ಲ. ಪ್ರವಾದಿ(ಸ) ಸ್ವತಃ ಕೂಲಿಗೆ ಕುರಿ ಮೇಯಿಸಿದ್ದಾರೆ, ಖದೀಜಾ(ರ) ಅವರ ಸರಕನ್ನು ಅವರ ಪರವಾಗಿ ಶಾಮ್‌ಗೆ ಕೊಂಡುಹೋಗಿದ್ದಾರೆ. ಆದ್ದರಿಂದ ಮೇಲಧಿಕಾರಿಯ ಮೇಲಿನ ಸಿಟ್ಟಿನಲ್ಲಿ, ಗೆಳೆಯನ ಮಾತಿನ ಹುಮ್ಮಸ್ಸಿನಲ್ಲಿ ರಾಜೀನಾಮೆ ಬರೆಯಬಾರದು. ಬರೆಯುವ ಮೊದಲು ಮೂರು ವಿಷಯ ನೋಡಿಕೊಳ್ಳಬೇಕು.

ಮೊದಲನೆಯದು ಗ್ರ್ಯಾಚುಟಿ. ಖಾಯಂ ನೌಕರನಿಗೆ ಸಾಮಾನ್ಯವಾಗಿ ಐದು ವರ್ಷದ ಸತತ ಸೇವೆ ಆದ ಮೇಲೆ ಇದು ಸಿಗುತ್ತದೆ. ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಿದರೆ ಮೊತ್ತ ಬರುತ್ತದೆ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 26,000 ಇದ್ದು ಆರು ವರ್ಷ ದುಡಿದವನಿಗೆ 90,000 ರೂಪಾಯಿ. ನಾಲ್ಕು ವರ್ಷ ಕಳೆದವನು ಇನ್ನು ಕೆಲವು ತಿಂಗಳು ತಾಳಿದರೆ ಇಷ್ಟು ಹಣ ಕೈಸೇರುವುದಾದರೆ ತಾಳುವುದೇ ಲೇಸು.

ಎರಡನೆಯದು ಆರೋಗ್ಯ ವಿಮೆ. ಕಂಪೆನಿಯ ಗುಂಪು ವಿಮೆ ಸಾಮಾನ್ಯವಾಗಿ ಕೆಲಸದ ಕೊನೆಯ ದಿನಕ್ಕೆ ನಿಲ್ಲುತ್ತದೆ. ಮನೆಯಲ್ಲಿ ವಯಸ್ಸಾದ ಉಪ್ಪ, ಉಮ್ಮ ಇದ್ದರೆ, ಹೆರಿಗೆ ಹತ್ತಿರವಿದ್ದರೆ, ಅದರ ಖರ್ಚು ಯಾವ ಹಣದಿಂದ ಎಂಬುದು ಮೊದಲೇ ಇತ್ಯರ್ಥವಾಗಬೇಕು. ಅಂಗಡಿಯ ಗಲ್ಲಾಪೆಟ್ಟಿಗೆಯಿಂದ ಆಸ್ಪತ್ರೆಯ ಬಿಲ್ ಕಟ್ಟಲು ಹೊರಟರೆ ಅಂಗಡಿಗೆ ಸರಕು ತರಲು ಹಣವಿರುವುದಿಲ್ಲ.

ಮೂರನೆಯದು ಅಮಾನತ್. ನೋಟಿಸ್ ಅವಧಿ ಪೂರ್ತಿ ಕೆಲಸ ಮಾಡಿ, ಹೊಣೆಗಳನ್ನು ಒಪ್ಪಿಸಿ ಬರಬೇಕು. ಕಂಪೆನಿಯ ಗ್ರಾಹಕರ ಪಟ್ಟಿ, ದಾಖಲೆಗಳು ನಮ್ಮ ಸ್ವತ್ತಲ್ಲ. ಅವುಗಳಿಂದ ಆರಂಭವಾದ ವ್ಯಾಪಾರದಲ್ಲಿ ಬರಕತ್ ಹುಡುಕುವುದು ಹೇಗೆ?

ಮಳೆಗಾಲದ ಲೆಕ್ಕ

ಕೊಡಗಿನಲ್ಲಿ ವ್ಯಾಪಾರ ಮಾಡುವವನು ಹನ್ನೆರಡು ತಿಂಗಳನ್ನೂ ನೋಡಬೇಕು. ಡಿಸೆಂಬರ್ ರಜೆಯಲ್ಲಿ ಕುಶಾಲನಗರ–ಮಡಿಕೇರಿ ರಸ್ತೆಯ ವಾಹನಗಳನ್ನು ಎಣಿಸಿ ಅಂಗಡಿ ಕೊಂಡವನಿಗೆ ಕಕ್ಕಡದ ಮಳೆ ಗೊತ್ತಿರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರವಾಸಿಗರು ಕಡಿಮೆ, ಕರೆಂಟ್ ಕೈಕೊಡುತ್ತದೆ, ರಸ್ತೆಗೆ ಮರ ಬೀಳುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಬೆಟ್ಟ ಕುಸಿಯಿತು. 2019ರಲ್ಲಿ ಕಾವೇರಿ ಉಕ್ಕಿ ನೆಲ್ಯಹುದಿಕೇರಿ, ಕರಡಿಗೋಡಿನ ಮನೆಗಳು ಮುಳುಗಿದವು. 2020ರಲ್ಲಿ ಲಾಕ್‌ಡೌನ್ ಬಂತು. ಮೂರು ವರ್ಷ ಸತತವಾಗಿ ಬಂದ ಈ ಕಷ್ಟದಲ್ಲಿ ಪ್ರವಾಸಿಗರನ್ನೇ ನಂಬಿದ್ದ ಹೋಂಸ್ಟೇ, ಹೋಟೆಲ್, ಟ್ಯಾಕ್ಸಿಯವರು ಎಷ್ಟು ಬಳಲಿದರೆಂದು ನಾವೆಲ್ಲ ಕಂಡಿದ್ದೇವೆ.

ಊರಿನವರನ್ನೇ ನಂಬಿದ ಅಂಗಡಿಗೂ ತನ್ನದೇ ಋತು ಇದೆ. ಅರೇಬಿಕಾ ಕೊಯ್ಲು ವರ್ಷಾಂತ್ಯಕ್ಕೆ, ರೊಬಸ್ಟಾ ಕೊಯ್ಲು ಜನವರಿಯಿಂದ. ಬೆಳೆಗಾರರ ಕೈಗೆ ಹಣ ಬರುವುದು ಆಮೇಲೆ. ಅಲ್ಲಿಯವರೆಗೆ "ಕಾಫಿ ಮಾರಿದ ಮೇಲೆ ಕೊಡುತ್ತೇನೆ" ಎಂಬ ಮಾತು ಪ್ರತಿ ಅಂಗಡಿಯ ಉದ್ರಿ ಪುಸ್ತಕದಲ್ಲೂ ಇದೆ. ಕಾಫಿ ಪುಡಿಯ ವ್ಯಾಪಾರವೂ ಅಷ್ಟೇ. 2024–25ರಲ್ಲಿ ರೊಬಸ್ಟಾ ಬೆಲೆ ದಾಖಲೆ ಮಟ್ಟಕ್ಕೆ ಏರಿದಾಗ ಬೆಳೆಗಾರ ಗೆದ್ದ. ಬೀಜ ಕೊಂಡು ಹುರಿದು ಪುಡಿ ಮಾಡಿ ಮಾರುವವನಿಗೆ ಅದೇ ಏರಿಕೆ ಹೊರೆಯಾಯಿತು.

ಒಂದು ಲೆಕ್ಕವನ್ನು ಉದಾಹರಣೆಗಾಗಿ ನೋಡೋಣ. ಒಂದು ಚಿಕ್ಕ ಬೇಕರಿಗೆ ತಿಂಗಳ ಬಾಡಿಗೆ 12,000, ಇಬ್ಬರು ಕೆಲಸಗಾರರಿಗೆ 28,000, ಕರೆಂಟ್ ಮತ್ತಿತರ ಖರ್ಚು 5,000 ಎಂದಿಟ್ಟುಕೊಳ್ಳಿ. ಒಟ್ಟು 45,000. ನೂರು ರೂಪಾಯಿಯ ಮಾರಾಟದಲ್ಲಿ ಸರಕಿನ ಬೆಲೆ ಕಳೆದು 20 ರೂಪಾಯಿ ಉಳಿಯುವುದಾದರೆ, ಈ ಖರ್ಚು ಹುಟ್ಟಲು ಮಾತ್ರವೇ ತಿಂಗಳಿಗೆ 2,25,000, ಅಂದರೆ ದಿನಕ್ಕೆ 7,500 ರೂಪಾಯಿಯ ವ್ಯಾಪಾರ ಬೇಕು. ಇಷ್ಟಾದರೂ ಮಾಲೀಕನ ಮನೆಗೆ ಒಂದು ರೂಪಾಯಿಯೂ ಬರುವುದಿಲ್ಲ. ಮನೆಖರ್ಚಿಗೆ 25,000 ಬೇಕಿದ್ದರೆ ದಿನದ ವ್ಯಾಪಾರ ಸುಮಾರು 11,700 ತಲುಪಬೇಕು.

ಈಗ ಮಳೆಗಾಲಕ್ಕೆ ಬನ್ನಿ. ವ್ಯಾಪಾರ ದಿನಕ್ಕೆ 6,000ಕ್ಕೆ ಇಳಿದರೆ ತಿಂಗಳಿಗೆ ಉಳಿಯುವುದು 36,000. ಅಂಗಡಿ ಖರ್ಚಿಗೇ 9,000 ಕಡಿಮೆ, ಮನೆಖರ್ಚಿನ 25,000 ಸೇರಿ ಕೊರತೆ 34,000. ನಾಲ್ಕು ತಿಂಗಳಿಗೆ 1,36,000. ಈ ಹಣ ಮೊದಲೇ ಬದಿಗಿಟ್ಟಿದ್ದರೆ ಅದು ಒಂದು ಮಳೆಗಾಲ ಮಾತ್ರ. ಇಟ್ಟಿಲ್ಲದಿದ್ದರೆ ಅದು ಬಡ್ಡಿ ಸಾಲವಾಗುತ್ತದೆ, ಇಲ್ಲವೇ ಹೆಂಡತಿಯ ಬಳೆಯಾಗುತ್ತದೆ.

ಆದ್ದರಿಂದ ನಮ್ಮ ಸಲಹೆ ಇಷ್ಟು. ಉಳಿತಾಯದಿಂದ ಒಂದು ವರ್ಷದ ಮನೆಖರ್ಚನ್ನು ಬೇರೆ ಖಾತೆಯಲ್ಲಿ ಇಡಿ. ಅದು ಮನೆಯ ದಿರ್ಹಂ. ಉಳಿದದ್ದು ಕೊಡಲಿಯ ದಿರ್ಹಂ. ಅದರಿಂದ ಏನು ಸಾಧ್ಯವೋ ಅಷ್ಟೇ ದೊಡ್ಡ ವ್ಯಾಪಾರ. ಸಾಲದಿದ್ದರೆ ವ್ಯಾಪಾರವನ್ನು ಚಿಕ್ಕದು ಮಾಡಿ, ಮನೆಯ ದಿರ್ಹಮಿಗೆ ಕೈ ಹಾಕಬೇಡಿ.

ನಡೆಯುತ್ತಿರುವ ಅಂಗಡಿ ಕೊಳ್ಳುವಾಗ

ಹೊಸದಾಗಿ ಆರಂಭಿಸುವುದಕ್ಕಿಂತ ನಡೆಯುತ್ತಿರುವುದನ್ನು ಕೊಳ್ಳುವುದು ಸುಲಭವೆಂದು ಅನೇಕರು ಭಾವಿಸುತ್ತಾರೆ. ಗಿರಾಕಿಗಳು ಇದ್ದಾರೆ, ಹೆಸರು ಇದೆ ಎಂಬುದು ನಿಜ. ಆದರೆ ಹಿಂದಿನವನ ಬಾಕಿಯೂ ಇರಬಹುದು. ಪ್ರವಾದಿ(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ ನೋಡಿದಾಗ ಅಡಿಯಲ್ಲಿ ತೇವವಿತ್ತು, ಅದನ್ನು ಮರೆಮಾಚಿದವನನ್ನು ಅವರು ಕಟುವಾಗಿ ಎಚ್ಚರಿಸಿದರು. ಮಾರುವವನು ದೋಷ ಹೇಳಬೇಕು ಎಂಬುದು ಒಂದು ಪಾಠ. ಕೊಳ್ಳುವವನು ರಾಶಿಯೊಳಗೆ ಕೈ ಹಾಕಿ ನೋಡಬೇಕು ಎಂಬುದನ್ನೂ ನಾವು ಕಲಿಯಬಹುದು.

ಮಾಲೀಕನ ಮಾತಿನ ಬದಲು ಕಾಗದ ನೋಡಿ. ಕರೆಂಟ್ ಬಿಲ್, ಸರಕು ತರಿಸಿದ ಬಿಲ್, ಬ್ಯಾಂಕ್ ಖಾತೆಯ ವಿವರ, ಜಿಎಸ್‌ಟಿ ಇದ್ದರೆ ಅದರ ರಿಟರ್ನ್, ಇವು ಸಾಧ್ಯವಾದರೆ ಮೂರು ವರ್ಷದ್ದು. ಮಳೆಗಾಲದ ತಿಂಗಳುಗಳನ್ನು ಬೇರೆಯಾಗಿ ಓದಿ. ಕಟ್ಟಡದ ಒಡೆಯರನ್ನು ನೇರವಾಗಿ ಭೇಟಿಯಾಗಿ, ಬಾಡಿಗೆ ಕರಾರು ನಿಮ್ಮ ಹೆಸರಿಗೆ ಎಷ್ಟು ವರ್ಷಕ್ಕೆ ಆಗುತ್ತದೆ, ಅಡ್ವಾನ್ಸ್ ಯಾರಿಗೆ ಹಿಂದಿರುಗುತ್ತದೆ ಎಂದು ಕೇಳಿ. ಗುಡ್‌ವಿಲ್ ಎಂದು ಲಕ್ಷಗಳನ್ನು ಕೊಟ್ಟ ಮೇಲೆ ಹನ್ನೊಂದು ತಿಂಗಳಿಗೆ ಜಾಗ ಬಿಡಬೇಕಾದರೆ ಕೊಂಡದ್ದಾದರೂ ಏನನ್ನು? ವ್ಯಾಪಾರ ಪರವಾನಗಿ, ಆಹಾರದ ಅಂಗಡಿಯಾದರೆ ಎಫ್‌ಎಸ್‌ಎಸ್‌ಎಐ ನೋಂದಣಿ ನಿಮ್ಮ ಹೆಸರಿನಲ್ಲಿರಬೇಕು. ಸಗಟು ವ್ಯಾಪಾರಿಗಳ ಬಾಕಿ, ಕೆಲಸಗಾರರ ಬಾಕಿ ಯಾರು ತೀರಿಸಬೇಕೆಂದು ಕರಾರಿನಲ್ಲೇ ಬರೆಯಿಸಿ. ಸಾಧ್ಯವಿದ್ದರೆ ಒಂದು ತಿಂಗಳು ಆ ಅಂಗಡಿಯಲ್ಲೇ ಕುಳಿತು ಕೆಲಸ ಮಾಡಿ. ಬೆಳಿಗ್ಗೆ ಐದಕ್ಕೆ ಶಟರ್ ಎತ್ತುವುದು ನಿಮ್ಮ ದೇಹಕ್ಕೆ ಒಗ್ಗುತ್ತದೆಯೇ ಎಂಬುದೂ ಆಗಲೇ ತಿಳಿಯುತ್ತದೆ.

ತೆರಿಗೆಯ ವಿಷಯದಲ್ಲಿ ಉದಾಸೀನ ಬೇಡ. 2025ರ ಜುಲೈನಲ್ಲಿ ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ರಾಜ್ಯದ ಸಾವಿರಾರು ಚಿಕ್ಕ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸ್ ಹೋಯಿತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಇದು ಲಾಭದ ಮೊತ್ತವಲ್ಲ, ಒಟ್ಟು ವ್ಯಾಪಾರದ ಮೊತ್ತ. ಮೇಲಿನ ನಮ್ಮ ಬೇಕರಿಯೇ ದಿನಕ್ಕೆ 11,700ರಂತೆ ವ್ಯಾಪಾರ ಮಾಡಿದರೆ ವರ್ಷಕ್ಕೆ 42 ಲಕ್ಷ ದಾಟುತ್ತದೆ. ಮನೆಯ ಹಣ, ಅಂಗಡಿಯ ಹಣ ಎರಡೂ ಒಂದೇ ಫೋನ್ ನಂಬರಿಗೆ ಬರುತ್ತಿದ್ದರೆ ಲೆಕ್ಕ ಹೇಳುವುದು ಕಷ್ಟ.

ಪಾಲು, ಸಾಲ, ಬಡ್ಡಿ

ಅಣ್ಣತಮ್ಮಂದಿರು, ಭಾವ ಮೈದುನರು, ಗೆಳೆಯರು ಸೇರಿ ವ್ಯಾಪಾರ ಮಾಡುವುದು ನಮ್ಮಲ್ಲಿ ರೂಢಿ. "ನಮ್ಮೊಳಗೆ ಬರವಣಿಗೆ ಯಾಕೆ?" ಎಂಬ ಮಾತೂ ರೂಢಿ. ಕುರ್‌ಆನಿನ ಅತಿ ದೀರ್ಘ ಆಯತ್, ಸೂರಃ ಅಲ್‌ಬಕರಾದ 282ನೆಯದು, ಸಾಲದ ವ್ಯವಹಾರವನ್ನು ಬರೆದಿಡುವ ಮತ್ತು ಸಾಕ್ಷಿ ನಿಲ್ಲಿಸುವ ಕುರಿತಾಗಿದೆ. ಬರೆಯುವುದು ಸಂಶಯದ ಲಕ್ಷಣವಲ್ಲ, ಅದು ಸಂಬಂಧವನ್ನು ಕಾಯುವ ಬೇಲಿ. ಯಾರ ಹಣ ಎಷ್ಟು, ಯಾರ ದುಡಿಮೆ ಎಷ್ಟು, ದುಡಿಯುವವನಿಗೆ ಸಂಬಳ ಇದೆಯೇ, ಒಬ್ಬನು ಹೊರಬಂದರೆ ಅವನ ಪಾಲಿನ ಬೆಲೆ ಕಟ್ಟುವುದು ಹೇಗೆ, ಇವೆಲ್ಲ ಮೊದಲ ದಿನವೇ ಬರವಣಿಗೆಯಲ್ಲಿ ಇರಲಿ.

ಎಲ್ಲರೂ ಬಂಡವಾಳ ಹಾಕಿದ ಪಾಲುದಾರಿಕೆಯಲ್ಲಿ ನಷ್ಟವನ್ನು ಬಂಡವಾಳದ ಪ್ರಮಾಣದಲ್ಲೇ ಹಂಚಿಕೊಳ್ಳಬೇಕು. ಲಾಭವನ್ನು ಪರಸ್ಪರ ಒಪ್ಪಿದ ಪ್ರಮಾಣದಲ್ಲಿ ಹಂಚಲು ಹನಫಿ ಮದ್‌ಹಬ್‌ನಲ್ಲಿ ಅವಕಾಶವಿದೆ. ಶಾಫಿಈ ಮದ್‌ಹಬ್‌ನಲ್ಲಿ ಲಾಭವೂ ಬಂಡವಾಳದ ಪ್ರಮಾಣದಲ್ಲೇ. ನಮ್ಮ ಜಿಲ್ಲೆಯಲ್ಲಿ ಎರಡೂ ಮದ್‌ಹಬ್‌ನವರು ಇರುವುದರಿಂದ ಕರಾರಿಗೆ ಮುನ್ನ ಉಸ್ತಾದರಲ್ಲಿ ಕೇಳಿಕೊಳ್ಳಿ. ಒಬ್ಬರ ಹಣ, ಇನ್ನೊಬ್ಬರ ದುಡಿಮೆ ಎಂಬ ರೀತಿಯ ವ್ಯಾಪಾರದಲ್ಲಿ ಲಾಭವನ್ನು ಮೊದಲೇ ಒಪ್ಪಿದ ಪ್ರಮಾಣದಲ್ಲಿ ಹಂಚಬೇಕು. ನಷ್ಟವಾದರೆ ಅದು ಹಣ ಹಾಕಿದವನದ್ದು. ದುಡಿದವನಿಗೆ ಅವನ ದುಡಿಮೆ ವ್ಯರ್ಥವಾಗುತ್ತದೆ, ಅವನ ತಪ್ಪಿಲ್ಲದಿದ್ದರೆ ಹಣ ತುಂಬಿಕೊಡಬೇಕಾಗಿಲ್ಲ.

"ಒಂದು ಲಕ್ಷ ಹಾಕು, ತಿಂಗಳಿಗೆ ಮೂರು ಸಾವಿರ ಲಾಭ ಖಂಡಿತ" ಎಂದು ಯಾರಾದರೂ ಹೇಳಿದರೆ ಅಲ್ಲೇ ನಿಲ್ಲಿ. ವ್ಯಾಪಾರ ಹೇಗೇ ನಡೆಯಲಿ, ನಿಗದಿತ ಮೊತ್ತ ಖಂಡಿತ ಎಂದಾದರೆ ಹೆಸರು ಏನೇ ಇರಲಿ ಅದು ಬಡ್ಡಿ. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಕುಸಿದಾಗ ಹಲಾಲ್ ಹೂಡಿಕೆ ಎಂಬ ಮಾತನ್ನು ನಂಬಿದ ಸಾವಿರಾರು ಮುಸ್ಲಿಮ್ ಕುಟುಂಬಗಳು ನಿವೃತ್ತಿಯ ಹಣವನ್ನೂ ಮಗಳ ಮದುವೆಯ ಹಣವನ್ನೂ ಕಳೆದುಕೊಂಡವು. ನೌಕರಿ ಬಿಟ್ಟವನ ಕೈಯಲ್ಲಿ ಪಿಎಫ್ ಹಣ ಇದೆ ಎಂದು ತಿಳಿದರೆ ಇಂಥ ಮಾತುಗಳು ಹುಡುಕಿಕೊಂಡು ಬರುತ್ತವೆ.

ಸರಕಾರದ ಪಿಎಂಇಜಿಪಿ ಯೋಜನೆಯಲ್ಲಿ ಅಲ್ಪಸಂಖ್ಯಾತರಿಗೆ ಗ್ರಾಮೀಣ ಭಾಗದಲ್ಲಿ ಯೋಜನಾ ವೆಚ್ಚದ ಶೇ. 35, ನಗರದಲ್ಲಿ ಶೇ. 25 ಸಹಾಯಧನವಿದೆ. ಆದರೆ ಇದು ಹೊಸ ಘಟಕಕ್ಕೆ ಮಾತ್ರ, ನಡೆಯುತ್ತಿರುವ ಅಂಗಡಿ ಕೊಳ್ಳಲು ಅಲ್ಲ. ಉಳಿದ ಮೊತ್ತದ ಬಹುಪಾಲು ಬ್ಯಾಂಕಿನ ಬಡ್ಡಿ ಸಾಲ ಎಂಬುದನ್ನೂ ಮರೆಯಬಾರದು. ಸಹಾಯಧನದ ಆಸೆಗೆ ಅರ್ಜಿ ಹಾಕುವ ಮೊದಲು ಆಲಿಮರ ಅಭಿಪ್ರಾಯ ಕೇಳಿ.

ಹೆಂಡತಿಯ ಚಿನ್ನದ ವಿಷಯದಲ್ಲಿ ಸ್ಪಷ್ಟವಾಗಿ ಹೇಳುತ್ತೇವೆ. ಮಹ್ರ್ ಆಗಲಿ, ತವರಿನಿಂದ ಬಂದ ಆಭರಣವಾಗಲಿ, ಅದು ಅವಳ ಸ್ವತ್ತು. ಗಂಡನ ವ್ಯಾಪಾರಕ್ಕೆ ಅವಳು ಮನಸಾರೆ ಕೊಟ್ಟರೆ ಸರಿ. ಸಂಕೋಚದಿಂದ, ಅತ್ತೆಮಾವನ ಮುಖ ನೋಡಿ ಕೊಟ್ಟರೆ ಅದು ಒಪ್ಪಿಗೆಯಲ್ಲ. ಪಡೆದರೆ ಎಷ್ಟು ಗ್ರಾಂ ಎಂದು ಬರೆದು ಸಾಲವಾಗಿ ಪಡೆಯಿರಿ, ಅಥವಾ ಅವಳನ್ನು ಪಾಲುದಾರಳನ್ನಾಗಿ ಮಾಡಿ. ಖದೀಜಾ(ರ) ವ್ಯಾಪಾರದ ಒಡತಿಯಾಗಿದ್ದರು ಎಂಬುದನ್ನು ಖುತ್ಬಾದಲ್ಲಿ ಕೇಳಿ ಮೆಚ್ಚುವ ನಾವು ಮನೆಯಲ್ಲಿ ಲೆಕ್ಕದ ಪುಸ್ತಕವನ್ನು ಹೆಂಡತಿಗೆ ತೋರಿಸಲು ಯಾಕೆ ಹಿಂಜರಿಯಬೇಕು?

ಅವಧಿ ಮತ್ತು ತವಕ್ಕುಲ್

ಕೊನೆಯದಾಗಿ ಆ 15 ದಿನಗಳ ಪಾಠ. ಆರಂಭಿಸುವ ದಿನವೇ ಮನೆಯವರೊಂದಿಗೆ ಕುಳಿತು ಒಂದು ಅವಧಿ ನಿಗದಿ ಮಾಡಿ. ಕೊಡಗಿನಲ್ಲಿ ಅದು ಒಂದು ಮಳೆಗಾಲವನ್ನೂ ಒಂದು ಕಾಫಿ ಕೊಯ್ಲನ್ನೂ ಒಳಗೊಂಡ ಒಂದು ವರ್ಷವಾದರೆ ಒಳ್ಳೆಯದು. ಆ ದಿನ ಸರಕು, ನಗದು, ಬರಬೇಕಾದ ಉದ್ರಿ, ಕೊಡಬೇಕಾದ ಬಾಕಿ ಎಲ್ಲವನ್ನೂ ಎಣಿಸಿ. ನಿಸಾಬ್ ತಲುಪಿದ್ದರೆ ಅದೇ ಲೆಕ್ಕದಿಂದ ಝಕಾತನ್ನೂ ಕೊಡಬಹುದು. ಮಾರಾಟದ ಸರಕಿಗೆ ಅಂದಿನ ಮಾರುಕಟ್ಟೆ ಬೆಲೆ ಹಿಡಿದು ಶೇ. 2.5 ಝಕಾತ್ ಇದೆ. ಫ್ರಿಡ್ಜ್, ಓವನ್, ಕಪಾಟುಗಳಿಗೆ ಇಲ್ಲ. ಲೆಕ್ಕ ಹೊಂದದಿದ್ದರೆ ಮುಚ್ಚಿ ಮತ್ತೆ ಕೆಲಸಕ್ಕೆ ಸೇರುವುದರಲ್ಲಿ ಅವಮಾನವಿಲ್ಲ. "ಊರವರು ಏನೆನ್ನುತ್ತಾರೆ" ಎಂದು ಇನ್ನೊಂದು ವರ್ಷ ಎಳೆಯುವುದರಿಂದಲೇ ಚಿಕ್ಕ ನಷ್ಟ ದೊಡ್ಡ ಸಾಲವಾಗುತ್ತದೆ.

ಇದೆಲ್ಲ ತವಕ್ಕುಲ್‌ಗೆ ವಿರುದ್ಧವಲ್ಲವೇ ಎಂದು ಕೆಲವರು ಕೇಳಬಹುದು. ಒಂಟೆಯನ್ನು ಕಟ್ಟಿದ ಮೇಲೆ ಅಲ್ಲಾಹನ ಮೇಲೆ ಭರವಸೆ ಇಡಲು ಪ್ರವಾದಿ(ಸ) ಕಲಿಸಿದ್ದಾರೆ. ಇಸ್ತಿಖಾರ ಮಾಡಿ, ಹಿರಿಯರೊಂದಿಗೆ ಸಮಾಲೋಚಿಸಿ, ಲೆಕ್ಕವನ್ನೂ ಬರೆಯಿರಿ. ರಿಝ್ಕ್ ಕೊಡುವವನು ಅಲ್ಲಾಹನು. ನಮ್ಮನ್ನು ನಂಬಿದ ಹೆಂಡತಿ ಮಕ್ಕಳು, ವೃದ್ಧ ತಂದೆತಾಯಿಗಳ ಊಟದ ಹಣವನ್ನು ಬೇರೆ ಎತ್ತಿಡುವ ಹೊಣೆ ನಮ್ಮದು.

ನೌಕರಿಯಲ್ಲಿ ಇರುವವರ ದುಡಿಮೆಯಲ್ಲೂ ಅಂಗಡಿಯ ಶಟರ್ ಎತ್ತುವವರ ದುಡಿಮೆಯಲ್ಲೂ ಅಲ್ಲಾಹನು ಬರಕತ್ ನೀಡಲಿ. ಸಾಲದ ಹೊರೆಯಿಂದ ನಮ್ಮ ಮನೆಗಳನ್ನು ಕಾಪಾಡಲಿ. ಆಮೀನ್.